ಎರಡು ಬೆರಳು ಮೇಲೆ

ಚೌತಿ ಹಬ್ಬಕ್ಕೆ ಎಂಟು ದಿನ ಇತ್ತು. ಕುಮಟೆಯ ನಮ್ಮ ಹೊಲಿಗೆ ಅಂಗಡಿಯಲ್ಲಿ ನಾನು ಮತ್ತು ನನ್ನ ತಂಗಿ ಲಲಿತೆ ಬೆಳಿಗ್ಗೆಯಿಂದ ತಲೆ ಎತ್ತಿರಲಿಲ್ಲ. ನಾನು ಮಷಿನ್ನಿನ ಮುಂದೆ, ಅವಳು ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ. ಹಬ್ಬಕ್ಕೆ ಮೊದಲೇ ಬೇಕು ಎಂದು ಕೊಟ್ಟುಹೋದ ರವಿಕೆ ಬಟ್ಟೆಗಳು ಗೋಡೆಯ ಪಕ್ಕ ಸೊಂಟದೆತ್ತರ ಬಿದ್ದಿದ್ದವು. ಮಧ್ಯಾಹ್ನ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿ ಬಾಗಿಲ ಹೊರಗಿಟ್ಟು ನಾಗಮ್ಮ ಬಂದಳು.

"ಲಲಿತಾ, ನನ್ನ ರವಿಕೆ ಆತನೇ?"

"ಆತು. ಹಾಕ್ಕಂಡು ಕೈ ಎತ್ತಿ ನೋಡು."

ನಾಗಮ್ಮ ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದು, ತಲೆಯ ಮೇಲೆ ಬುಟ್ಟಿ ಇರುವ ಹಾಗೆ ಎರಡೂ ಕೈ ಎತ್ತಿದಳು. ಒಮ್ಮೆ ಬಗ್ಗಿದಳು. "ಹರೀಲಿಲ್ಲ!"

"ಹರಿದ್ರೆ ನಿನ್ನ ಗಂಡ ನನ್ನ ಬೈಯೂಕೆ ಬತ್ನಲ್ಲೇ."

"ಅಂವಾ? ಅಂವ ನನ್ನ ಬೆನ್ನು ನೋಡಿ ಎಷ್ಟು ವರ್ಷ ಆತು, ಮಾರಾಯ್ತಿ." ಹಾಗೆಂದು ಲಲಿತೆಯ ಭುಜ ನೋಡಿ ಕಣ್ಣು ಕಿರಿದು ಮಾಡಿದಳು. "ನಿನ್ನ ರವಿಕೆಗೆ ತೋಳು ಎಲ್ಲಿ? ಬಟ್ಟೆ ಸಾಕಾಗ್ಲಿಲ್ವನೇ?"

"ಸೆಕೆಗೆ ಕರಗಿ ಹೋತು."

ಮೂವರೂ ನಕ್ಕೆವು. ಸಂಜೆ ಲಲಿತೆ ಇನ್ನೂ ನಾಲ್ಕು ರವಿಕೆ ಕತ್ತರಿಸಿಟ್ಟಳು. ಅಷ್ಟೇ, ಬೇರೇನೂ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದವಳು ನನ್ನ ಕೈ ಹಿಡಿದು ತನ್ನ ಬಲ ಎದೆಯ ಬದಿಗೆ ಒತ್ತಿದಳು. "ಇದೆಂತದ್ದು ನೋಡು ಅಕ್ಕಾ." ಒಂದು ಗಟ್ಟಿ ಗಂಟು. ರವಿಕೆಯ ಬಟ್ಟೆ ಮುಟ್ಟಿಯೇ ಒಳಗಿನ ಲೈನಿಂಗ್ ಯಾವುದೆಂದು ಹೇಳುವ ಬೆರಳು ನನ್ನದು. ಇದು ಏನೆಂದು ಆ ಬೆರಳಿಗೂ ತಿಳಿಯಲಿಲ್ಲ.

ಹೊಲಿಗೆ ಕಲಿಸುವ ಪರಿಚಯದವರೊಬ್ಬರು, ಹೊಸದಾಗಿ ಕಲಿಯಲು ಬರುವ ಹುಡುಗಿಯರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ನಾನು ಓದಿದ್ದು ಏಳನೆಯ ಇಯತ್ತೆ. ಬರೆದದ್ದೆಲ್ಲ ಅಳತೆಯ ಚೀಟಿ. ಲಲಿತೆ ಹೋದ ಮೇಲೆ ಅಂಗಡಿ ಮುಚ್ಚಿದ್ದೇನೆ. ಅವಳ ವಿಷಯ ಬಿಟ್ಟು ಈ ಕೆಲಸದ ಬಗ್ಗೆ ಬರೆಯಲು ನನಗೆ ಸಾಧ್ಯವಿಲ್ಲ, ಅದನ್ನು ಕೇಳಿದವರಿಗೂ ಹೇಳಿದ್ದೇನೆ.

ನಾನು ಕೆಲಸ ಕಲಿತದ್ದು ಹೊನ್ನಾವರದಲ್ಲಿ, ಒಬ್ಬ ವಯಸ್ಸಾದ ಮಾಸ್ತರರ ಅಂಗಡಿಯಲ್ಲಿ. ಆಗ ಹೆಂಗಸರು ಗಂಡಸು ಹೊಲಿಗೆಯವರಿಗೆ ಮೈಯಳತೆ ಕೊಡುತ್ತಿರಲಿಲ್ಲ. ಸರಿ ಕೂರುವ ಹಳೆಯ ರವಿಕೆಯೊಂದನ್ನು ತಂದುಕೊಟ್ಟು ಹೋಗುತ್ತಿದ್ದರು. ಮದುವೆಯ ರವಿಕೆಗೆ ಮಾತ್ರ ಮೈಯಳತೆ ಬೇಕಾಗುತ್ತಿತ್ತು, ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು. ನಾನು ಟೇಪು ಹಿಡಿದು ಅಂಕಿ ಕೂಗುವಾಗ ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ನಿಂತು ಬರೆದುಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ನನಗೆ ಒಂದು ದಿನವೂ ಕೆಟ್ಟ ಮಾತು ಆಡಿದವರಲ್ಲ.

ಅವರಲ್ಲಿ ನಾನು ಕಲಿತ ಒಂದು ಪದ್ಧತಿಯಿದೆ. ಅದನ್ನು ನಾವು 'ಬೆರಳು ಹಾಕುವುದು' ಎನ್ನುತ್ತಿದ್ದೆವು. ಹುಡುಗಿ ತಾಯಿಯ ಜೊತೆ ಬರುತ್ತಾಳೆ. ಬೆನ್ನು ಇಷ್ಟು ಆಳ ಇರಲಿ, ತೋಳು ಇಷ್ಟು ಗಿಡ್ಡ ಇರಲಿ ಎಂದು ಹೇಳುತ್ತಾಳೆ. ನಾವು ಬರೆದುಕೊಳ್ಳುತ್ತೇವೆ. ತಾಯಿ ಬಾಯಿ ತೆರೆಯುವುದಿಲ್ಲ. ಹುಡುಗಿ ಮೆಟ್ಟಿಲು ಇಳಿದ ಮೇಲೆ ತಾಯಿ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿ ಎರಡು ಬೆರಳು ಎತ್ತುತ್ತಾಳೆ. ಅಷ್ಟೇ. ಮಾಸ್ತರರು ಎಂಟು ಇಂಚು ಆಳ ಎಂದು ಬರೆದ ಬೆನ್ನನ್ನು ಎರಡು ಬೆರಳಗಲ ಮೇಲೆ, ಆರೂವರೆಗೆ ಕತ್ತರಿಸುತ್ತಿದ್ದರು. ಹುಡುಗಿ ಬಂದು ಮುಖ ಸಣ್ಣ ಮಾಡಿದರೆ, ಬಟ್ಟೆ ಕಡಿಮೆ ಇತ್ತು, ಲೈನಿಂಗ್ ಕುಗ್ಗಿತು, ಕತ್ತರಿ ಜಾರಿತು ಎಂದು ಏನಾದರೂ ಹೇಳುವುದು. ತಪ್ಪು ನಮ್ಮದಾಗುತ್ತಿತ್ತು, ತಾಯಿ ಮಗಳ ನಡುವೆ ಜಗಳ ಆಗುತ್ತಿರಲಿಲ್ಲ.

"ಇದು ಮೋಸ ಅಲ್ಲ. ಹುಡುಗಿ ಒಂದು ದಿನ ಹಾಕ್ತಾಳೆ, ಊರು ವರ್ಷಗಟ್ಟಲೆ ಹೇಳ್ತದೆ," ಎಂದು ಮಾಸ್ತರರು ಹೇಳುತ್ತಿದ್ದರು. ನಾನು ನಂಬಿದೆ. ಕುಮಟೆಯಲ್ಲಿ ಸ್ವಂತ ಅಂಗಡಿ ಇಟ್ಟ ಮೇಲೂ ಅದನ್ನೇ ನಡೆಸಿದೆ. ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಊರಿನ ತಾಯಂದಿರು ನನ್ನ ಹತ್ತಿರ ಬರುತ್ತಿದ್ದುದು ನನ್ನ ಹೊಲಿಗೆ ಚೆನ್ನಾಗಿತ್ತು ಎಂದಲ್ಲ, ನನಗೆ ಬೆರಳಿನ ಭಾಷೆ ಗೊತ್ತಿತ್ತು ಎಂದು.

ಒಮ್ಮೆ ಮಾತ್ರ ಅದೇ ಭಾಷೆಯಲ್ಲಿ ಎಡವಿದೆ. ಭಟ್ಕಳದಿಂದ ಬರುತ್ತಿದ್ದ ಒಬ್ಬ ಶಾಲೆಯ ಅಕ್ಕೋರು ಮಗಳ ರವಿಕೆಗೆ ಅಳತೆ ಕೊಟ್ಟು ಹೋಗುವಾಗ ಎರಡು ಬೆರಳು ಎತ್ತಿದರು. ನಾನು ಎರಡು ಬೆರಳು ಮೇಲೆ ಕತ್ತರಿಸಿದೆ. ತೆಗೆದುಕೊಂಡು ಹೋಗಲು ಬಂದಾಗ ಅಕ್ಕೋರು ರವಿಕೆ ಬಿಡಿಸಿ ನೋಡಿ, ಮಗಳ ಎದುರಿಗೇ, "ಎಂತ ಇದು? ನಾ ಹೇಳಿದ್ದು ಕೆಳಗೆ! ಮಗಳಿಗೆ ಕೇಳುಕೆ ನಾಚ್ಕೆ ಅಂತ ನಾ ಹೇಳಿದ್ದು" ಎಂದರು. ಮಗಳು ಹೊಟ್ಟೆ ಹಿಡಿದು ನಕ್ಕಳು. ಲಲಿತೆಯೂ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನಾನೂ ನಕ್ಕೆ. ಆದರೆ ಒಬ್ಬ ತಾಯಿ ಹಾಗೆ ಕೇಳಬಹುದು ಎಂಬುದೇ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅದರಿಂದ ನಾನು ಏನನ್ನೂ ಕಲಿಯಲೂ ಇಲ್ಲ.

ಇನ್ನೊಂದು ಸಲ ನಗಲು ಆಗಲಿಲ್ಲ. ಹೊನ್ನಾವರದ ಒಬ್ಬ ಕಾಲೇಜು ಹುಡುಗಿ. ಕಾಲೇಜಿನ ಕೊನೆಯ ದಿನದ ಕಾರ್ಯಕ್ರಮಕ್ಕೆ ನೀಲಿ ಸೀರೆ, ಅದಕ್ಕೆ ಬೆನ್ನಿನಲ್ಲಿ ಮಡಕೆಯ ಆಕಾರದ ಕತ್ತು ಬೇಕು ಎಂದು ಪುಸ್ತಕದ ಹಾಳೆಯಲ್ಲಿ ತಾನೇ ಬರೆದು ತಂದಿದ್ದಳು. ತಾಯಿ ಎರಡಲ್ಲ, ಮೂರು ಬೆರಳು ಎತ್ತಿದಳು. ನಾನು ಸಾದಾ ಗುಂಡು ಕತ್ತು ಹೊಲಿದೆ. ಹುಡುಗಿ ಪರದೆಯ ಹಿಂದಿನಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದು, "ಆಂಟಿ, ನಾ ಬರೆದುಕೊಟ್ಟ ಕಾಗದ ವಾಪಸ್ ಕೊಡಿ" ಎಂದಳು. ಕಾಗದ ಎಲ್ಲೋ ಹೋಗಿತ್ತು. ಅವಳು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಆ ದಿನ ಲಲಿತೆ ಕೇಳಿದಳು, "ಅಕ್ಕಾ, ನಾವು ಹೊಲಿಯೂದು ಯಾರಿಗೆ?"

"ಕೊಡುವವರಿಗೆ."

"ಹಾಕುವವರಿಗೆ ಅಲ್ದಾ?"

ಲಲಿತೆ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮದುವೆ ಆಗಿರಲಿಲ್ಲ, ಆಗಬೇಕು ಎಂದೂ ಹೇಳಲಿಲ್ಲ. ನಮ್ಮ ಮನೆಯಲ್ಲೇ ಇದ್ದಳು. ನನ್ನ ಮಗಳು ಸ್ವಾತಿಯನ್ನು ಎತ್ತಿ ಆಡಿಸಿದ್ದು, ಶಾಲೆಗೆ ಬಿಟ್ಟು ಬಂದದ್ದು ಎಲ್ಲ ಅವಳೇ. ಕತ್ತರಿ ಅವಳ ಕೈಯಲ್ಲಿ ನನಗಿಂತ ಚೆನ್ನಾಗಿ ನಡೆಯುತ್ತಿತ್ತು. ಅವಳು ಯಾರಿಗೂ ಬೆರಳು ಹಾಕಲಿಲ್ಲ. ತಾಯಿ ಬೆರಳು ಎತ್ತಿದರೆ, "ಆ ಮಾತು ಮಗಳ ಎದುರಿಗೆ ಹೇಳಿ ಅಮ್ಮಾ, ಹಾಂಗೇ ಹೊಲೀತೆ" ಎನ್ನುತ್ತಿದ್ದಳು. ಆದ್ದರಿಂದ ಹುಡುಗಿಯರು ಒಬ್ಬರೇ ಬಂದಾಗ ನನ್ನನ್ನು ದಾಟಿ ಒಳಗೆ ಇಣುಕಿ, "ಲಲಿತಕ್ಕ ಇಲ್ವಾ?" ಎಂದು ಕೇಳುತ್ತಿದ್ದರು.

ಭಟ್ಕಳದ ಮುಸ್ಲಿಂ ಮನೆಗಳ ಹೆಂಗಸರು ಹೊಲಿಸುವ ಮದುವೆಯ ಉಡುಪೆಂದರೆ ಅವಳಿಗೆ ಬಹಳ ಇಷ್ಟ. ಬುರ್ಖಾದ ಒಳಗೆ ಅವರು ಹಾಕುವಂಥ ಕಸೂತಿ, ಅಂಥ ಕಟ್ಟಿಂಗು ಕುಮಟೆಯ ಯಾವ ಮದುವೆ ಮನೆಯಲ್ಲೂ ಇರುತ್ತಿರಲಿಲ್ಲ. ಹೊರಗೆ ಯಾರೂ ನೋಡುವುದಿಲ್ಲವಲ್ಲ, ಇಷ್ಟೆಲ್ಲ ಯಾಕೆ ಎಂದು ನಾನು ಒಮ್ಮೆ ಒಬ್ಬ ಗಿರಾಕಿಯನ್ನು ಕೇಳಿದೆ. ಅವರು ಗಟ್ಟಿಯಾಗಿ ನಕ್ಕು, "ಹೆಂಗಸರು ನೋಡೂದಿಲ್ವಾ ಬಾಯಿ? ಅವರ ಕಣ್ಣಿಗಿಂತ ದೊಡ್ಡ ಪರೀಕ್ಷೆ ಎಂತದು?" ಎಂದರು. ಲಲಿತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಲಲಿತೆ ಉಡುತ್ತಿದ್ದುದು ನೂಲಿನ ಸೀರೆ. ಅದರ ಮೇಲೆ, ಗಿರಾಕಿಗಳು ಬೇಡವೆಂದು ಬಿಟ್ಟುಹೋದ ತುಂಡುಗಳನ್ನು ಜೋಡಿಸಿ ಹೊಲಿದ, ತೋಳಿಲ್ಲದ ರವಿಕೆ. ಬೇಸಿಗೆಯ ಶುರುವಿಗೆ ತಲೆಗೆ ಸುರಗಿ ಹೂ. ನಮ್ಮ ಕಡೆ ಅವಳ ವಯಸ್ಸಿನ ಹೆಂಗಸರು ಹೊರಗೆ ಹೊರಟರೆ ಮೊಣಕೈವರೆಗೆ ತೋಳು, ಕುತ್ತಿಗೆಯ ಬುಡಕ್ಕೆ ಬೆನ್ನು. ಮನೆಯಲ್ಲಿ ನೈಟಿ, ಯಾರಾದರೂ ಬಂದರೆ ಅದರ ಮೇಲೊಂದು ಟುವಾಲು. ಲಲಿತೆ ಪೇಟೆಯಲ್ಲಿ ನಡೆದರೆ ಹಿಂದಿನಿಂದ ಮಾತು ಬರುತ್ತಿತ್ತು. "ಮದುವೆ ಇಲ್ಲ, ಮಕ್ಕಳಿಲ್ಲ, ಷೋಕಿ ಯಾರಿಗೆ ತೋರ್ಸೂಕೆ?" ಅವಳಿಗೆ ಕೇಳುತ್ತಿತ್ತು. ನನಗೂ ಕೇಳುತ್ತಿತ್ತು. ಅವಳು ನಡೆಯುತ್ತಲೇ ಇದ್ದಳು, ನಾನು ಎರಡು ಹೆಜ್ಜೆ ಹಿಂದೆ ಉಳಿಯುತ್ತಿದ್ದೆ. ಸಾಮಾನು ನೋಡುವ ನೆಪ ಮಾಡುತ್ತಿದ್ದೆ.

ಒಂದು ದೊಡ್ಡ ಮನೆಯ ಹೆಂಗಸು ಮದುಮಗಳ ಅಳತೆಗೆ ಕರೆದಾಗ, "ನಿನ್ನ ತಂಗಿ ಬರೂದಾದ್ರೆ ಮೈ ತುಂಬ ಹಾಕ್ಕಂಡು ಬರ್ಲಿ, ನಮ್ಮಲ್ಲಿ ಹಿರಿಯರು ಇರ್ತಾರೆ" ಎಂದಳು. ನಾನು ಆ ಮಾತಿಗೆ ತಲೆಯಾಡಿಸಿ ಬಂದು ನನ್ನ ರವಿಕೆಯೊಂದನ್ನು ಲಲಿತೆಯ ಮುಂದೆ ಇಟ್ಟೆ. ಅವಳು ಒಂದು ಕ್ಷಣ ನೋಡಿ, "ಅಡ್ಡಿಲ್ಲ" ಎಂದು ಹಾಕಿಕೊಂಡಳು. ಅದು ಅವಳಿಗೆ ಎಲ್ಲ ಕಡೆ ದೊಗಳೆ. ಅಷ್ಟು ಚೆನ್ನಾಗಿ ಹೊಲಿಯುವವಳು ಆ ದಿನ ಬೇರೆಯವರ ಬಟ್ಟೆ ಹಾಕಿಕೊಂಡು ಹೋಗಿ ಮದುಮಗಳ ಅಳತೆ ತೆಗೆದಳು. ನಾನು ಇದನ್ನು ಆಗ ಜಾಣತನ ಅಂದುಕೊಂಡೆ.

ಕೆಲಸದ ರೀತಿ ಕಣ್ಣೆದುರೇ ಬದಲಾಯಿತು. ಮೊದಲು ಹುಡುಗಿಯರು ಬಾಯಲ್ಲಿ ಹೇಳುತ್ತಿದ್ದರು, ಆಮೇಲೆ ಮೊಬೈಲಿನಲ್ಲಿ ಫೋಟೋ ತಂದರು. ಫೋಟೋ ಇದ್ದ ಮೇಲೆ ಕತ್ತರಿ ಜಾರಿತು ಎಂಬ ಸುಳ್ಳು ನಡೆಯುವುದಿಲ್ಲ. ಒಳಗೆ ಪ್ಯಾಡ್ ಇಟ್ಟು ಹೊಲಿಯುವುದು ಬಂತು. ಎದೆ ಹೀಗೇ ಕಾಣಬೇಕು ಎಂದು ಎಲ್ಲರಿಗೂ ಒಂದೇ ಆಕಾರ. ಪ್ಯಾಡ್ ಇಡುವುದನ್ನು ನಾನು ಬೇಗ ಕಲಿತೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ ಮುಂದಿನ ಕತೆಯಲ್ಲಿ ನಾನು ಮಾಡಿದ ಕೆಲಸ ಅದೇ.

ಚೌತಿ ಕಳೆದ ಮೇಲೆ ಲಲಿತೆಯನ್ನು ಮಂಗಳೂರಿನ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಲಗಡೆಯ ಸ್ತನ ತೆಗೆದರು. ಕಂಕುಳಿನ ಗಂಟುಗಳನ್ನೂ ತೆಗೆದರು. ನರಕ್ಕೆ ಔಷಧಿ ಹತ್ತಿಸಿದ ಮೇಲೆ ಕೂದಲು ಹೋಯಿತು. ತಿಂಗಳುಗಳ ಮೇಲೆ ಬಲಗೈ ಊದಿಕೊಂಡಿತು, ಭುಜದಿಂದ ಬೆರಳಿನವರೆಗೆ. ಬಿಗಿ ಬಟ್ಟೆ ತಾಗಬಾರದು ಎಂದು ಅಲ್ಲಿನ ಸಿಸ್ಟರ್ ನನಗೇ ಹೇಳಿ ಕಳಿಸಿದ್ದರು.

ಆ ಹೊತ್ತಿಗೆ ಸ್ವಾತಿಯ ಮದುವೆ ಗೊತ್ತಾಯಿತು. ಗಂಡು ಹೊನ್ನಾವರದವರು, ಮದುವೆ ಧಾರೇಶ್ವರದಲ್ಲಿ. ಸ್ವಾತಿ ಒಂದೇ ಹಟ ಹಿಡಿದಳು, ತನ್ನ ರವಿಕೆ ಚಿಕ್ಕಮ್ಮನೇ ಹೊಲಿಯಬೇಕು, ಮದುವೆ ದಿನ ಚಿಕ್ಕಮ್ಮನೇ ಪಕ್ಕದಲ್ಲಿ ನಿಲ್ಲಬೇಕು. ಲಲಿತೆ ಎಡಗೈಯಲ್ಲಿ ಸೂಜಿ ಹಿಡಿಯಲು ಕಲಿತಳು. ದಿನಕ್ಕೆ ಒಂದು ಬೆರಳುದ್ದ ಕಸೂತಿ ಆದರೆ ಹೆಚ್ಚು. ಎರಡು ತಿಂಗಳು ಕೂತು ಕೈಹೊಲಿಗೆಯಲ್ಲೇ ಆ ರವಿಕೆ ಮುಗಿಸಿದಳು. ಆಮೇಲೆ ತನ್ನದೊಂದು ಬಟ್ಟೆ ತಂದು ನನ್ನ ಮಷಿನ್ನಿನ ಮೇಲಿಟ್ಟಳು. ಅರಿಶಿನ ಬಣ್ಣದ ರೇಷ್ಮೆ.

"ಅಕ್ಕಾ, ಈ ಕೈಲಿ ಮಷಿನ್ ನಡೆಸೂಕೆ ನನ್ನ ಹತ್ರ ಆಗೂದಿಲ್ಲ. ಇದೊಂದು ನೀ ಹೊಲಿದುಕೊಡು."

"ಹೇಂಗೆ ಬೇಕು?"

"ತೋಳು ಬ್ಯಾಡ, ಕೈ ನೋಯ್ತದೆ. ಬಲಗಡೆ ಚಪ್ಪಟೆ ಇದ್ದಹಾಂಗೇ ಕತ್ತರಿಸು. ಇಲ್ಲದ್ದನ್ನ ಇದ್ದಹಾಂಗೆ ಮಾಡೂದು ಬ್ಯಾಡ."

ಅವಳು ಎದ್ದು ನಿಂತಳು. ನಾನು ಟೇಪು ಹಿಡಿದು ಅಳತೆ ತೆಗೆದೆ. ಎಡಗಡೆ ಒಂದು ಅಳತೆ, ಬಲಗಡೆ ಇನ್ನೊಂದು. ಕಲೆ ಇನ್ನೂ ಕೆಂಪಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಬರಕಂಡ್ಯಾ?" ಎಂದು ಕೇಳಿದಳು. ಬರೆದುಕೊಂಡೆ ಎಂದೆ. ಬರೆದುಕೊಂಡೂ ಇದ್ದೆ.

ಈ ಸಲ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ, ಯಾರೂ ಬೆರಳು ಎತ್ತಲಿಲ್ಲ. ಆದರೂ ನನ್ನ ತಲೆಯೊಳಗೆ ಗಂಡಿನ ಕಡೆಯ ಹೆಂಗಸರು ಸಾಲಾಗಿ ಕೂತಿದ್ದರು. ಊದಿದ ಕೈ ನೋಡುತ್ತಾರೆ, ಒಂದು ಕಡೆ ಇಲ್ಲದ ಎದೆ ನೋಡುತ್ತಾರೆ, ಸ್ವಾತಿಯ ಮನೆತನದಲ್ಲಿ ಈ ರೋಗ ಇದೆ ಎಂದು ಮಾತಾಡುತ್ತಾರೆ. ನಾನು ಮೊಣಕೈವರೆಗೆ ತೋಳು ಹಚ್ಚಿದೆ, ದೊಗಳೆಯಾಗಿ, ನೋಯದ ಹಾಗೆ ಎಂದು ನನಗೆ ನಾನೇ ಹೇಳಿಕೊಂಡು. ಕುತ್ತಿಗೆ ಎರಡು ಬೆರಳು ಮೇಲೆ ಎತ್ತಿದೆ. ಬಲಗಡೆ ಒಳಗೆ ಪ್ಯಾಡ್ ಇಟ್ಟು ಹೊಲಿದೆ. ಹೊರಗಿನಿಂದ ನೋಡಿದರೆ ಎರಡೂ ಕಡೆ ಸಮ. ನನ್ನ ಜೀವನದಲ್ಲಿ ಅಷ್ಟು ನಯವಾದ ಕೆಲಸ ನಾನು ಮಾಡಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮುಗಿಸಿದಾಗ ನನಗೆ ಹೆಮ್ಮೆಯಾಗಿತ್ತು.

ಮೊದಲೇ ತೋರಿಸಲಿಲ್ಲ. ಕೇಳಿದಾಗಲೆಲ್ಲ ಹುಕ್ ಬಾಕಿ ಇದೆ ಎಂದೆ. ಮದುವೆಯ ಬೆಳಿಗ್ಗೆ, ಎಲ್ಲರೂ ಗಡಿಬಿಡಿಯಲ್ಲಿರುವಾಗ ಕೈಗೆ ಕೊಟ್ಟೆ. ಆಗ ಬದಲಾಯಿಸಲು ಹೊತ್ತಿರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನೂರಾರು ಹುಡುಗಿಯರಿಗೆ ಹಾಗೆಯೇ ಮಾಡಿದ್ದೆ.

ಲಲಿತೆ ಕೋಣೆಗೆ ಹೋದಳು. ನಾನು ಹೊರಗೆ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅವಳು ಹಾಕಿಕೊಂಡಿರಲಿಲ್ಲ. ರವಿಕೆಯನ್ನು ಮಗುಚಿ ಒಳಗಿನ ಪ್ಯಾಡ್ ಹೊರಗೆ ಕಾಣುವಂತೆ ಹಿಡಿದುಕೊಂಡಿದ್ದಳು.

"ನಂಗೂ ಬೆರಳು ಹಾಕಿದ್ಯಾ ಅಕ್ಕಾ?"

"ಇವತ್ತೊಂದು ದಿನ ಲಲಿತಾ. ಜನ..."

"ಯಾವ ಜನ? ಹೇಳಿದವರು ಯಾರು?"

ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಮಂಚದ ಮೇಲಿಟ್ಟೆ.

"ಬೇರೆ ರವಿಕೆ ಹಾಕ್ಕಂಡು ಬಾ. ಹಳೇದು ಇದ್ದಲ್ಲ," ಎಂದೆ.

"ಹಳೇದೆಲ್ಲ ಎರಡು ಇದ್ದವಳಿಗೆ ಹೊಲಿದದ್ದು." ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಮಂಚದ ಮೇಲೆ ಕೂತಳು. "ನೀ ಹೋಗು. ಹೊತ್ತಾತು. ಕೂಸಿಗೆ ಹೇಳು, ಚಿಕ್ಕಮ್ಮಂಗೆ ಜ್ವರ ಅಂತ."

ಆಗ ನಾನು ಕತ್ತರಿ ತಂದು ತೋಳು ಬಿಚ್ಚಬಹುದಿತ್ತು. ಎರಡು ತೋಳು ಬಿಚ್ಚಿ, ಪ್ಯಾಡ್ ಕಿತ್ತು, ಬಲಗಡೆ ಒಳಗೆ ಹಿಡಿದು ಕೈಹೊಲಿಗೆ ಹಾಕಲು ನನಗೆ ಅರ್ಧ ಗಂಟೆ ಸಾಕು. ಕೆಲಸ ಗೊತ್ತಿರುವವರು ಇದನ್ನು ಓದಿದರೆ ಅವರಿಗೆ ತಿಳಿಯುತ್ತದೆ. ವ್ಯಾನು ಹೊರಗೆ ಹಾರನ್ ಹೊಡೆಯುತ್ತಿತ್ತು ನಿಜ. ಆದರೆ ನಾನು ಹೊರಟದ್ದು ಹಾರನ್ನಿಗಾಗಿ ಅಲ್ಲ. ಅವಳು ಬರುವುದಿಲ್ಲ ಎಂದಾಗ ನನ್ನ ಎದೆಯ ಭಾರ ಇಳಿಯಿತು. ನನಗೆ ಹಗುರವಾಯಿತು. ಇಷ್ಟು ವರ್ಷದಲ್ಲಿ ಮಾಡಿದ ತಪ್ಪುಗಳಲ್ಲಿ ಆ ಹಗುರವೇ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಧಾರೇಶ್ವರದಲ್ಲಿ ಸ್ವಾತಿ ಮೂರು ಸಲ ಕೇಳಿದಳು. "ಆಯಿ, ಚಿಕ್ಕಮ್ಮ ಎಲ್ಲಿ?" ಜ್ವರ ಎಂದೆ. ಮೂರನೆಯ ಸಲ ಅವಳು ನನ್ನನ್ನು ನೋಡಿದ ರೀತಿಯಲ್ಲೇ ಆ ಮಾತನ್ನು ನಂಬಿಲ್ಲ ಎಂದು ತಿಳಿಯಿತು. ಗಂಡಿನ ತಾಯಿ ಸ್ವಾತಿಯ ಬೆನ್ನಿನ ಕಸೂತಿಯನ್ನು ಬೆರಳಿಂದ ಸವರಿ, "ಇದು ಯಾರ ಕೈ?" ಎಂದು ಕೇಳಿದರು. ಮಗಳ ಚಿಕ್ಕಮ್ಮ ಎಂದೆ. "ಕರೀರಿ ಅವರನ್ನ, ನೋಡ್ಬೇಕು" ಎಂದರು. ನಂತರ ತಮ್ಮ ಅಕ್ಕನಿಗೂ ಇದೇ ರೋಗ ಬಂದು ಹೋದದ್ದನ್ನು, ಅವರು ಈಗ ಆರಾಮ ಇರುವುದನ್ನು ತಾವಾಗಿಯೇ ಹೇಳಿದರು. ಸ್ವಾತಿ ಅವರಿಗೆ ಮೊದಲೇ ಎಲ್ಲ ತಿಳಿಸಿದ್ದಳು. ನಾನು ಯಾರಿಗೆ ಹೆದರಿ ಹೊಲಿದಿದ್ದೆನೋ ಆ ಜನ ಅಲ್ಲಿ ಇರಲೇ ಇಲ್ಲ.

ಸಂಜೆ ಮನೆಗೆ ಬಂದ ಕೂಡಲೇ ಕೂತು ತೋಳು ಬಿಚ್ಚಿದೆ. ಪ್ಯಾಡ್ ಕಿತ್ತೆ. ಅವಳು ಹೇಳಿದ ಅಳತೆಗೆ ಸರಿಯಾಗಿ, ಚಪ್ಪಟೆ ಇದ್ದಲ್ಲಿ ಚಪ್ಪಟೆ ಹೊಲಿದು ಮರುದಿನ ಕೊಟ್ಟೆ. ಅವಳು ಹಾಕಿಕೊಂಡಳು. ಒಳ್ಳೆ ಕೂತಿತ್ತು. "ಚೊಲೊ ಆಯ್ದು ಅಕ್ಕಾ" ಎಂದಳು. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು, ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡು. ಆಮೇಲೆ ಬಿಚ್ಚಿ ಮಡಚಿಟ್ಟಳು. ಹಾಕಿಕೊಂಡು ಹೋಗಲು ಇನ್ನೊಂದು ಮದುವೆ ಬರಲಿಲ್ಲ. ಮಳೆಗಾಲಕ್ಕೆ ಮೊದಲು ರೋಗ ಮತ್ತೆ ಎದ್ದಿತು, ಈ ಸಲ ಬೆನ್ನುಮೂಳೆಯಲ್ಲಿ. ನಾನು ಕ್ಷಮೆ ಕೇಳಿದೆ. "ಅದು ಆತು ಬಿಡು" ಎಂದಳು. ಅವಳನ್ನು ಕಳಿಸಿಕೊಡುವ ದಿನ ಆ ಅರಿಶಿನ ರವಿಕೆಯನ್ನೇ ಹಾಕಿದೆವು. ಹಿರಿಯ ಹೆಂಗಸೊಬ್ಬಳು ಮೇಲೊಂದು ಶಾಲು ಹೊದಿಸಲು ಬಂದಳು. ಬೇಡ ಎಂದೆ. ಅಷ್ಟು ಗಟ್ಟಿಯಾಗಿ ನಾನು ಬೇಡ ಎಂದದ್ದು ಅದೇ ಮೊದಲು, ಆದರೆ ಅದು ಅವಳಿಗೆ ಕೇಳುವಂತಿರಲಿಲ್ಲ.

ಹೊಲಿಗೆ ಕಲಿಯುವ ಹುಡುಗಿಯರೇ, ಬಗಲು ಕತ್ತರಿಸುವುದು, ಹೊಂದಿಸಿ ಜೋಡಿಸುವುದು ಎಲ್ಲ ನಿಮಗೆ ಕಲಿಸುವವರು ಕಲಿಸುತ್ತಾರೆ. ನಾನು ಹೇಳುವುದು ಇಷ್ಟೇ. ಹಾಕುವವಳು ಹೇಳಿದ ಅಳತೆ ನಿಮಗೆ ಸರಿಕಾಣದಿದ್ದರೆ ಅವಳ ಮುಖ ನೋಡಿ ಹೇಳಿ. ಹೊಲಿಯುವುದಿಲ್ಲ ಎಂದಾದರೂ ಹೇಳಿ. ಹೂಂ ಎಂದು ಬರೆದುಕೊಂಡು ಬೇರೆ ಕತ್ತರಿಸಬೇಡಿ.

ಸ್ವಾತಿಯ ಮದುವೆಯ ಆಲ್ಬಮ್ಮು ನನ್ನ ಹತ್ತಿರ ಇದೆ. ಪ್ರತಿ ಪುಟದಲ್ಲೂ ಅವಳ ಪಕ್ಕ ನಾನಿದ್ದೇನೆ, ಗಂಡಿನ ಕಡೆಯವರಿದ್ದಾರೆ, ಹೆಸರು ಗೊತ್ತಿಲ್ಲದ ನೆಂಟರೂ ಇದ್ದಾರೆ. ಲಲಿತೆ ಒಂದು ಫೋಟೋದಲ್ಲೂ ಇಲ್ಲ.